ಸಹಾಯ ಬೇಕು: ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾ ಯಾವುದು?

ಎಲ್ಲರಿಗೂ ನಮಸ್ಕಾರ. ನಾವಿರುವುದು ಸೋಮವಾರಪೇಟೆ ಹತ್ತಿರ. ಮಳೆ ಹಿಡಿದರೆ ಸಂಜೆ ಹೊರಗೆ ಕಾಲಿಡಲು ಆಗುವುದಿಲ್ಲ. ಎಲ್ಲರೂ ಒಟ್ಟಿಗೆ ಕೂತು ಸಿನಿಮಾ ನೋಡಬೇಕು ಅಂತ ನನಗೆ ತುಂಬಾ ಆಸೆ. ಆದರೆ ಒಬ್ಬೊಬ್ಬರ ರುಚಿ ಒಂದೊಂದು.

ಮಾವನಿಗೆ ಗೂಢಚಾರರ ಕಥೆ ಅಂದ್ರೆ ಪ್ರಾಣ. ರಾಜ್‌ಕುಮಾರ್ ಸಿ.ಐ.ಡಿ. 999 ಆಗಿರುವ 1968ರ ‘ಜೇಡರ ಬಲೆ’ ಹಾಕಿದೆವು. ಅವರು ಕಣ್ಣು ಮಿಟುಕಿಸದೆ ನೋಡಿದರು. ಹೈಸ್ಕೂಲಿನ ಮಗಳು ಅರ್ಧಕ್ಕೇ ಎದ್ದು ಹೋದಳು. ಅವಳಿಗೆ ದೆವ್ವದ ಸಿನಿಮಾನೇ ಬೇಕು. ಅದನ್ನು ಹಾಕಿದರೆ ಎಂಟು ವರ್ಷದ ಮಗ ರಾತ್ರಿಯಿಡೀ ನನ್ನನ್ನು ಬಿಡುವುದಿಲ್ಲ. ನಮ್ಮದು ತೋಟದ ಮನೆ, ಕರೆಂಟ್ ಬೇರೆ ಹೋಗುತ್ತಿರುತ್ತದೆ, ಅವನು ಹೆದರುವುದು ಸಹಜ ಅಲ್ವಾ? ಕಾಡಿನಲ್ಲಿ ನಿಧಿ ಹುಡುಕುವ ಡಬ್ಬಿಂಗ್ ಚಿತ್ರವನ್ನೂ ಹಾಕಿ ನೋಡಿದೆ. ಮಕ್ಕಳಿಗೆ ಇಷ್ಟವಾಯಿತು. ಮಾತು ತುಟಿಗೆ ಹೊಂದುವುದಿಲ್ಲ ಅಂತ ಮಾವ ಬೇಸರ ಮಾಡಿಕೊಂಡರು.

ಸೆನ್ಸಾರ್ ಸರ್ಟಿಫಿಕೇಟ್ ನೋಡಿ ಆರಿಸೋಣ ಅಂದ್ರೆ ಅಲ್ಲೇ ಗೊಂದಲ. ಯು/ಎ ಅಂದ್ರೆ ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರ. 2024ರ ನಿಯಮದಲ್ಲಿ ಅದನ್ನು ವಯಸ್ಸಿನ ಪ್ರಕಾರ 7+, 13+, 16+ ಅಂತ ಮೂರು ಭಾಗ ಮಾಡಿದ್ದಾರೆ. ಹಳೆಯ ಚಿತ್ರಗಳಲ್ಲಿ ಬರೀ ಯು/ಎ ಇರುತ್ತದೆ. ಅದು ಹೊಡೆದಾಟಕ್ಕೋ, ಹೆದರಿಸುವ ದೃಶ್ಯಕ್ಕೋ ಗೊತ್ತಾಗುವುದಿಲ್ಲ. ಹೊಡೆದಾಟವಾದರೆ ಮಗನಿಗೆ ತೊಂದರೆ ಇಲ್ಲ.

ಕನ್ನಡದಲ್ಲೇ ತೆಗೆದ, ಪತ್ತೇದಾರಿಕೆ ಅಥವಾ ಸಾಹಸ ಜಾಸ್ತಿ ಇದ್ದು ಭಯ ಸ್ವಲ್ಪವೇ ಇರುವ ಯಾವ ಚಿತ್ರವನ್ನು ನೀವು ಚಿಕ್ಕ ಮಕ್ಕಳ ಜೊತೆ ಕೂತು ನೋಡಿದ್ದೀರಿ? ಹೆದರಿಸುವ ದೃಶ್ಯ ಯಾವ ಭಾಗದಲ್ಲಿ ಬರುತ್ತದೆ ಅಂತಲೂ ತಿಳಿಸುತ್ತೀರಾ?