ಸಹಾಯ ಬೇಕು: ಮಾಜಿ ಸೈನಿಕರಿಗೆ ಕಾಡಿನ ಬೆಂಕಿ ತಡೆಯುವ ಕೆಲಸ

ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ಸೇನೆಯಲ್ಲಿ ಹವಾಲ್ದಾರ್ ಆಗಿದ್ದವರು, ಈಗ ನಿವೃತ್ತರಾಗಿ ಚಿಕ್ಕಮಗಳೂರಿಗೆ ಬಂದಿದ್ದಾರೆ. ಕೇಳಿದಲ್ಲೆಲ್ಲ ಸೆಕ್ಯುರಿಟಿ ಕೆಲಸ ಇದೆ ಅಂತಾರೆ, ಅವರ ಮನಸ್ಸಿರೋದು ಕಾಡಿನ ಕಡೆ. ನಕ್ಷೆ, ಜಿಪಿಎಸ್, ವಾಕಿಟಾಕಿ, ಪ್ರಥಮ ಚಿಕಿತ್ಸೆ ಎಲ್ಲ ಗೊತ್ತು.

ಫೆಬ್ರವರಿ ಬಂತೆಂದರೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ ಹುಲ್ಲು ಹೇಗೆ ಒಣಗಿ ನಿಲ್ಲುತ್ತೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ನೀರಿನ ಗಾಡಿ ಹೋಗದ ಕಡೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದೇ ಆರಿಸಬೇಕು. ಬೆಂಕಿ ಇಳಿಜಾರಲ್ಲಿ ಮೇಲಕ್ಕೆ ಬೇಗ ಓಡುತ್ತೆ. ಗಾಳಿ ತಿರುಗಿದರೆ ಮೇಲೆ ನಿಂತವರು ಸಿಕ್ಕಿಹಾಕಿಕೊಳ್ಳುತ್ತಾರೆ. ಅಂಥ ಹೊತ್ತಲ್ಲಿ ತಂಡವನ್ನು ಒಟ್ಟಿಗೆ ಇಟ್ಟುಕೊಂಡು ಕ್ಷೇಮವಾಗಿ ಇಳಿಸೋಕೆ ಬರುವವರು ಬೇಕೇ ಬೇಕು. ಇಂಥವರನ್ನು ಗೇಟಿನ ಹತ್ತಿರ ಕೂರಿಸೋದು ನನಗಂತೂ ನಷ್ಟ ಅನ್ನಿಸುತ್ತೆ.

ಇದೇನೂ ಹೊಸದಲ್ಲ. 1982ರಲ್ಲೇ ಟೆರಿಟೋರಿಯಲ್ ಆರ್ಮಿಯವರು (ಸೇನೆಗೆ ನೆರವಾಗುವ ಅರೆಕಾಲಿಕ ಪಡೆ) ಮಾಜಿ ಸೈನಿಕರನ್ನು ಸೇರಿಸಿ ಪರಿಸರ ಪಡೆ ಕಟ್ಟಿ, ಗಣಿಗಾರಿಕೆಯಿಂದ ಬೋಳಾಗಿದ್ದ ಮಸ್ಸೂರಿ ಬೆಟ್ಟಗಳಲ್ಲಿ ಗಿಡ ನೆಡಿಸಿದ್ದರು.

ಅರಣ್ಯ ಇಲಾಖೆಯಲ್ಲಿರುವವರು, ಗೊತ್ತಿರುವವರು ದಯವಿಟ್ಟು ತಿಳಿಸಿ. ಬೇಸಿಗೆಗೆ ಬೆಂಕಿ ಕಾವಲುಗಾರರನ್ನು ತಗೊಳ್ಳೋಕೆ ಮುಂಚೆ ಯಾವ ತಿಂಗಳಲ್ಲಿ ವಲಯ ಕಚೇರಿಗೆ ಹೋಗಿ ಕೇಳಬೇಕು? ಭದ್ರಾ ಹುಲಿ ಮೀಸಲಿಗೆ ಬೇರೆಯಾಗಿ ಕೇಳಬೇಕಾ? ಗಸ್ತು ಅರಣ್ಯ ಪಾಲಕ (ಫಾರೆಸ್ಟ್ ಗಾರ್ಡ್) ಹುದ್ದೆಗೆ ಮಾಜಿ ಸೈನಿಕರ ಮೀಸಲಾತಿಯಲ್ಲಿ ಆಯ್ಕೆಯಾದವರು ಯಾರಾದರೂ ಇದ್ದೀರಾ? ಮಳೆ ಹಿಡಿದ ಮೇಲೆ ಕಾವಲು ಕೆಲಸ ಇರಲ್ಲ, ಆಗ ನರ್ಸರಿಯಲ್ಲೋ ಗಿಡ ನೆಡೋದರಲ್ಲೋ ಮುಂದುವರಿಯೋಕೆ ದಾರಿ ಇದೆಯಾ? ಅವರ ಜೊತೆ ಇನ್ನೂ ಕೆಲವರು ಬರೋಕೆ ತಯಾರಿದ್ದಾರೆ. ಇಲ್ಲೇ ಬರೆಯಿರಿ, ಇಲ್ಲಾಂದ್ರೆ ನನಗೆ ಮೆಸೇಜ್ ಮಾಡಿ.