‘ನಮ್ಮನೆಯವರು ಕೈ ಮಾಡ್ತಾರೆ’: ಇದಕ್ಕೆ ಕರಪತ್ರದ ಕನ್ನಡ ಯಾವುದು?

ಬಲ್ಲವರಲ್ಲಿ ಒಂದು ಕೇಳಿಕೆ.

ನನ್ನ ಅಕ್ಕನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಗಂಡನ ಕೈಲಿ ಏಟು ತಿಂದ ಏಷ್ಯಾದ ಹೆಂಗಸರಿಗೆ ನೆರವಾಗುವ ಸಂಸ್ಥೆಯೊಂದರಲ್ಲಿ ದುಭಾಷಿ. ಅಲ್ಲಿಯ ಕರಪತ್ರವನ್ನು ಕನ್ನಡಕ್ಕೆ ತರಲು ನನಗೆ ಕಳಿಸಿದ್ದಾಳೆ. ಇಲ್ಲಿ ಮೈಸೂರಿನಲ್ಲಿ ಕೂತು ಹದಿನೈದು ದಿನವಾಯಿತು, ಎರಡು ಪುಟ ಮುಗಿದಿಲ್ಲ.

ಅವಳು ಹೇಳಿದ ಸಂಗತಿ ಕೇಳಿ. ಮಂಡ್ಯ ಕಡೆಯ ಹೆಣ್ಣುಮಗಳೊಬ್ಬಳು ಫೋನಿನಲ್ಲಿ ತಗ್ಗಿದ ದನಿಯಲ್ಲಿ “ನಮ್ಮನೆಯವರು ಕೈ ಮಾಡ್ತಾರೆ” ಅಂದಳಂತೆ. ಅಲ್ಲೇ ಬೆಳೆದ ಇನ್ನೊಬ್ಬ ದುಭಾಷಿ ಅದನ್ನು ‘ಮನೆಯ ಜನ ಕೈಸನ್ನೆ ಮಾಡುತ್ತಾರೆ’ ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡಳು. ಗಂಡ ಹೊಡೆಯುತ್ತಾನೆ ಅನ್ನುವುದು ಎರಡನೇ ಸಲ ಫೋನ್ ಬಂದಾಗಲೇ ಗೊತ್ತಾದದ್ದು. ಗಂಡನ ಹೆಸರೆತ್ತದೆ ‘ಅವರು’ ಅನ್ನುವುದು ನಮ್ಮ ರೂಢಿ. ಆ ಗೌರವದ ಬಹುವಚನ ಇಂಗ್ಲಿಷಿಗೆ ಹೋದರೆ ಹೊಡೆದ ಒಬ್ಬ ಹಲವರಾಗುತ್ತಾನೆ. ಪೊಲೀಸರ ಮುಂದೆ ಆ ಹೇಳಿಕೆಯ ಗತಿ ಏನು?

ಕರಪತ್ರದ ಮೊದಲ ಪ್ರಶ್ನೆಗೆ ನಾನು ಬರೆದದ್ದು: “ನಿಮಗೆ ಮನೆಯಲ್ಲಿ ಹಿಂಸೆ ಆಗುತ್ತಿದೆಯೇ?” ಓದಿದ ಕೂಡಲೇ ಹೊಡೆದುಹಾಕಿದೆ. ಸೆಖೆಗೂ ನಾವು ಹಿಂಸೆ ಅನ್ನುತ್ತೇವೆ, ನೆಂಟರ ಮನೆಯಲ್ಲಿ ಸಂಕೋಚವಾದರೂ ಹಿಂಸೆ ಅನ್ನುತ್ತೇವೆ. 2005ರ ಕಾಯ್ದೆ ಬಂದಮೇಲೆ ‘ಕೌಟುಂಬಿಕ ದೌರ್ಜನ್ಯ’ ಪತ್ರಿಕೆಗಳಲ್ಲಿ ನೆಲೆಯೂರಿದೆ, ಆದರೆ ಅದನ್ನು ತನ್ನ ಬಾಯಲ್ಲಿ ತನ್ನ ಬಗ್ಗೆ ಹೇಳಿದ ಹೆಂಗಸನ್ನು ನಾನು ಕಂಡಿಲ್ಲ. ಅವರು ಹೇಳುವುದು ಕಾಟ, ಕಿರುಕುಳ, ‘ಕೊಡಬಾರದ ಕಷ್ಟ ಕೊಡ್ತಾರೆ’. ಜೊತೆಗೆ ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಅನ್ನುವ ಗಾದೆ ಬೇರೆ, ಎಲ್ಲ ಏಟನ್ನೂ ಜಗಳದ ಲೆಕ್ಕಕ್ಕೆ ಸೇರಿಸಿಬಿಡುತ್ತದೆ.

ಕರಪತ್ರ ತಮ್ಮ ನೆರವನ್ನು ‘ಕಲ್ಚರಲಿ ಸೆನ್ಸಿಟಿವ್’ ಅನ್ನುತ್ತದೆ. ಅದಕ್ಕೆ ‘ಸಾಂಸ್ಕೃತಿಕವಾಗಿ ಸೂಕ್ಷ್ಮ’ ಅಂತ ಒಬ್ಬರು ಸೂಚಿಸಿದರು. ಸೂಕ್ಷ್ಮ ಪ್ರದೇಶ, ಸೂಕ್ಷ್ಮ ಮತಗಟ್ಟೆ ಓದಿದ ಕಣ್ಣಿಗೆ ಅದು ಗಲಾಟೆಯ ಸೂಚನೆ. ಅದಕ್ಕಿಂತ ದೊಡ್ಡ ತೊಡಕು ‘ಸಂಸ್ಕೃತಿ’ಯದೇ. “ನಮ್ಮ ಸಂಸ್ಕೃತಿ ಅಲ್ಲ, ಅನುಸರಿಸಿಕೊಂಡು ಹೋಗು” ಎಂದು ತವರಿನವರೇ ತಿರುಗಿ ಕಳಿಸಿರುತ್ತಾರೆ. ಅದೇ ಮಾತನ್ನು ನೆರವಿನ ಬಾಗಿಲಿಗೆ ಬರೆಯಲು ನನಗೆ ಮನಸ್ಸಿಲ್ಲ. ‘ನಿಮ್ಮ ನಡೆನುಡಿ ಬಲ್ಲವರು’ ಎಂದು ಸದ್ಯಕ್ಕೆ ಹಾಕಿದ್ದೇನೆ. ತಂಗುಮನೆಯಲ್ಲಿ ಅನ್ನ ಸಾರು ಮಾಡಿಕೊಳ್ಳಬಹುದು, ಅವ್ವನಿಗೆ ಈಗಲೇ ಹೇಳಬೇಡಿ ಅಂದರೆ ಯಾಕೆ ಅನ್ನುವುದು ಅವರಿಗೆ ಅರ್ಥವಾಗುತ್ತದೆ ಅನ್ನುವುದೆಲ್ಲ ಅದರಲ್ಲಿ ಬಂದೀತೆ?

ಆ ಸಂಸ್ಥೆಗಳ ಹೆಸರಿನಲ್ಲೇ ಈ ಎಚ್ಚರ ಕಾಣುತ್ತದೆ: ನ್ಯೂಜೆರ್ಸಿಯ ಮಾನವಿ (1985), ನ್ಯೂಯಾರ್ಕಿನ ಸಖಿ (1989), ಕ್ಯಾಲಿಫೋರ್ನಿಯಾದ ಮೈತ್ರಿ (1991). ಬಾಗಿಲಿನ ಫಲಕದಲ್ಲಿ ಏಟಿನ ಸುಳಿವೇ ಇಲ್ಲ. ಇಂಥ ಹೆಂಗಸರಿಗೆ ನೆರವಾಗುವ ನಮ್ಮ ಜಿಲ್ಲೆಗಳ ಸರ್ಕಾರಿ ಕೇಂದ್ರಗಳಿಗೂ ‘ಸಖಿ’ ಎಂದೇ ಇಟ್ಟರು, ಒಳ್ಳೆಯದಾಯಿತು. ಇಂಥ ನೆರವಿಗೇ ಇಟ್ಟ ಇನ್ನೊಂದು ಹೆಸರು ‘ಸಾಂತ್ವನ’ ಸಾವಿನ ಮನೆಯ ಮಾತು.

ನನಗೆ ಇನ್ನೂ ಸಿಗದೇ ಇರುವುದು ಆ ಹೆಂಗಸನ್ನು ಕರೆಯುವ ಪದ. ‘ಸಂತ್ರಸ್ತೆ’ ಅಂದರೆ ನೆರೆ ಸಂತ್ರಸ್ತರು ನೆನಪಾಗುತ್ತಾರೆ. ‘ಬದುಕುಳಿದವಳು’ ಬಸ್ ಅಪಘಾತದ ವರದಿ. ‘ನೊಂದ ಮಹಿಳೆ’ ಮರುಕದ ಮಾತು, ಆದರೆ ನೋವಿನಲ್ಲೇ ನಿಂತುಬಿಡುತ್ತದೆ. ಊರಿನಲ್ಲಿ ಇರುವ ಸಿದ್ಧ ಮಾತು ‘ಗಂಡನ್ನ ಬಿಟ್ಟೋಳು’, ತಪ್ಪನ್ನು ಅವಳ ಮೇಲೇ ಹೊರಿಸುವಂಥದ್ದು. ಆದಷ್ಟೂ ‘ನೀವು’ ಎಂದೇ ಬರೆದಿದ್ದೇನೆ. ಹೆಸರುಪದವೇ ಬೇಕಾದ ಕಡೆ ‘ದಾಟಿ ಬಂದವರು’ ನಿಲ್ಲುತ್ತದೆಯೇ?

ಕೊನೆಯದು ಕಾನೂನಿನ ಮಾತು. ಹೆಂಗಸರ ಮೇಲಿನ ಹಿಂಸೆಯ ವಿರುದ್ಧದ ಅಮೆರಿಕದ 1994ರ ಕಾಯ್ದೆಯಂತೆ ಅಲ್ಲಿಯ ಪ್ರಜೆಯ ಅಥವಾ ಗ್ರೀನ್ ಕಾರ್ಡ್ ಇದ್ದವನ ಕೈಲಿ ಕಾಟ ಅನುಭವಿಸಿದ ಹೆಂಡತಿ ಅವನಿಗೆ ತಿಳಿಸದೆಯೇ ಅಲ್ಲಿ ನೆಲೆಸಲು ತನ್ನ ಅರ್ಜಿ ತಾನೇ ಹಾಕಬಹುದು. ‘ಸ್ವಯಂ ಅರ್ಜಿ’ ಅಂದರೆ ಯಾರಿಗೂ ತಿಳಿಯದು. ‘ಗಂಡನ ಸಹಿ ಬೇಡದ ಅರ್ಜಿ’ ಅಂದಿದ್ದೇನೆ. ಗಂಡನ ಎಚ್-1ಬಿ ಕೆಲಸದ ವೀಸಾದ ನೆರಳಲ್ಲಿ, ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಹೋದವರಿಗೆ ಈ ದಾರಿ ಇಲ್ಲ, ಅವರಿಗೆ ಅಪರಾಧಕ್ಕೆ ಗುರಿಯಾದವರಿಗೆ ಕೊಡುವ ಯು ವೀಸಾದಂಥ ಬೇರೆ ದಾರಿ. ಆ ವ್ಯತ್ಯಾಸ ಎದ್ದು ಕಾಣಬೇಕು.

ನಾಗಮಂಗಲ, ಕೆ.ಆರ್.ಪೇಟೆ, ಮಳವಳ್ಳಿ ಕಡೆಯವರು ನಿಮ್ಮ ಅಜ್ಜಿ, ದೊಡ್ಡಮ್ಮಂದಿರು ಇಂಥವಳನ್ನು ಮರ್ಯಾದೆಯಿಂದ ಏನೆಂದು ಕರೆಯುತ್ತಿದ್ದರು, ಕೇಳಿ ಬರೆಯಿರಿ. ಕರಪತ್ರ ತಿಂಗಳ ಕೊನೆಗೆ ಅಚ್ಚಿಗೆ ಹೋಗಬೇಕು.