ಕಲಬುರಗಿ ಬಿಸಿಲಿಗೂ ಕ್ಯಾಲ್ಗರಿ ಚಳಿಗೂ ಒಂದೇ ಕ್ಯಾಮೆರಾ ತಾಳುತ್ತಾ?

ಬಿಸಿಲನಾಡು:
ಕಲಬುರಗಿ ಮನೆಯ ಪಶ್ಚಿಮದ ಗೋಡೆಗೆ ಎರಡು ಸಿಸಿಟಿವಿ ಕ್ಯಾಮೆರಾ ಹಾಕಿಸಬೇಕ್ರಿ. ಮೇ ತಿಂಗಳಲ್ಲಿ 43–44 ಡಿಗ್ರಿ, ಮಧ್ಯಾಹ್ನದಿಂದ ಸಂಜೆತನಕ ನೇರ ಬಿಸಿಲು. ಇನ್ನೊಂದು ಕೆನಡಾದ ಕ್ಯಾಲ್ಗರಿಯಲ್ಲಿರೋ ಅಣ್ಣನ ಮನೆಗೆ. ಅಲ್ಲಿ ಜನವರಿಯಲ್ಲಿ ಮೈನಸ್ 30ಕ್ಕೂ ಇಳೀತದ. ಅಂಗಡಿಯವರು ‘ಐಪಿ67 ಅದ, ಏನೂ ಆಗಲ್ಲ’ ಅಂತಾರ. ಎರಡೂ ಕಡೆ ಒಂದೇ ಮಾಡೆಲ್ ನಡೀತದೇನು? ಬ್ಯಾಟರಿ–ಸೋಲಾರ್ ತಗೊಂಡ್ರ ವೈರಿಂಗ್ ಕೆಲಸ ಉಳೀತದ ಅಂತ ಯೋಚನಿ.

ತಾಮ್ರದತಂತಿ:
ಐಪಿ67 ಹೇಳೋದು ದೂಳು, ನೀರಿನ ವಿಷಯ ಮಾತ್ರ. ಶಾಖಕ್ಕೆ ಡೇಟಾಶೀಟ್‌ನ ‘ಆಪರೇಟಿಂಗ್ ಟೆಂಪರೇಚರ್’ ಸಾಲು ನೋಡಿ. ಬ್ಯಾಟರಿಯವು ಸಾಮಾನ್ಯವಾಗಿ ಮೈನಸ್ 20ರಿಂದ 45–50, ವೈರ್ ಇರುವ, ಕೊಳವೆಯಾಕಾರದ ಬುಲೆಟ್‌ಗಳು ಹೆಚ್ಚಾಗಿ ಮೈನಸ್ 30ರಿಂದ 60. ಆದರೆ ಆ 60 ಸುತ್ತಲಿನ ಗಾಳಿಯ ಲೆಕ್ಕ. ನೇರ ಬಿಸಿಲು ಬಿದ್ದ ಲೋಹದ ಮೈ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತೆ.

ಹಾಗಾಗಿ ಮೊದಲು ನೆರಳು, ಮಾಡೆಲ್ ಆಮೇಲೆ. ಸಜ್ಜಾದ ಕೆಳಗೆ ಕೂರಿಸಿ, ಬಿಳಿ ಬಣ್ಣದ್ದೇ ಆರಿಸಿ. ಸಜ್ಜಾ ಇಲ್ಲದಿದ್ದರೆ ತಗಡಿನ ಮರೆ ಮಾಡಿಸಿ. ತಗಡಿಗೂ ಕ್ಯಾಮೆರಾಕ್ಕೂ ನಡುವೆ ಒಂದೆರಡು ಸೆಂ.ಮೀ. ಸಂದು ಬಿಡಲೇಬೇಕು, ತಾಗಿದರೆ ಕಾವು ನೇರ ಒಳಗಿಳಿಯುತ್ತೆ.

ತೊಂದರೆ ಮಧ್ಯಾಹ್ನವೇ ಬರುತ್ತೆ ಅಂದ್ಕೋಬೇಡಿ. ಕತ್ತಲಾದ ಮೇಲೂ ಗೋಡೆ ಕಾದೇ ಇರುತ್ತೆ, ಅದರ ಮೇಲೆ ರಾತ್ರಿ ಚಿತ್ರಕ್ಕಾಗಿ ಹೊತ್ತುವ ಐಆರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ) ಎಲ್‌ಇಡಿಗಳ ಬಿಸಿಯೂ ಸೇರುತ್ತೆ. ಚಿತ್ರ ಕಾಳುಕಾಳಾಗುತ್ತೆ, ಕೆಲವೊಮ್ಮೆ ಕ್ಯಾಮೆರಾ ತಾನಾಗಿ ರೀಸ್ಟಾರ್ಟ್ ಆಗುತ್ತೆ. ಅಂಗಳ ಚಿಕ್ಕದಿದ್ದರೆ ಸೆಟ್ಟಿಂಗ್‌ನಲ್ಲಿ ಐಆರ್ ತೀವ್ರತೆ ಇಳಿಸಿ.

ಹೊರಗಿನ ಪ್ಲಾಸ್ಟಿಕ್ ಬಾಕ್ಸ್‌ನಲ್ಲಿ 12 ವೋಲ್ಟ್ ಅಡಾಪ್ಟರ್ ಇಡಿಸಬೇಡಿ. ಕಾವಿಗೆ ಅದರ ಕೆಪಾಸಿಟರ್ ಊದಿಕೊಂಡು ಕ್ಯಾಮೆರಾಕ್ಕಿಂತ ಮೊದಲೇ ಹೋಗುತ್ತೆ. ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡುವ ಪದ್ಧತಿ) ಮಾಡಿಸಿ, ಅದರ ನೆಟ್‌ವರ್ಕ್ ಸ್ವಿಚ್ ಮನೆಯೊಳಗಿರಲಿ. ಕೇಬಲ್ ಪೂರ್ತಿ ತಾಮ್ರದ್ದು, ಮೇಲೆ ಕಪ್ಪು ಪಿಇ (ಪಾಲಿಥೀನ್) ಹೊದಿಕೆ, ಉದ್ದ 100 ಮೀಟರ್ ಒಳಗೆ. ಸಿಸಿಎ (ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ) ಅಗ್ಗ ಅಂತ ಒಪ್ಪಲೇಬೇಡಿ, ದೂರ ಹೆಚ್ಚಿದಷ್ಟೂ ವೋಲ್ಟೇಜ್ ಕುಸಿಯುತ್ತೆ.

ಹಿಮದಂಗಳ:
ಕ್ಯಾಲ್ಗರಿಗೆ ಬ್ಯಾಟರಿ–ಸೋಲಾರ್ ಬೇಡವೇ ಬೇಡ. ಲಿಥಿಯಂ ಅಯಾನ್ ಸೆಲ್ಲನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಆನೋಡ್ ಮೇಲೆ ಲಿಥಿಯಂ ಲೋಹವಾಗಿ ಕೂತು ಸೆಲ್ ಕೆಡುತ್ತೆ. ಅದಕ್ಕೇ ಒಳ್ಳೆಯ ಕ್ಯಾಮೆರಾಗಳು ಆ ಚಳಿಯಲ್ಲಿ ಚಾರ್ಜಿಂಗನ್ನೇ ನಿಲ್ಲಿಸುತ್ತವೆ. ಪ್ಯಾನೆಲ್ ಮೇಲೆ ಬಿಸಿಲಿದ್ದರೂ ಬ್ಯಾಟರಿ ಖಾಲಿಯಾಗುತ್ತೆ.

ಮೈನಸ್ 40ರ ರೇಟಿಂಗ್ ಇರುವ ಪಿಒಇ ಕ್ಯಾಮೆರಾ ತಗೊಳ್ಳಿ. ಹೀಟರ್ ಇದ್ದರೆ ಅದು ಎಷ್ಟು ವ್ಯಾಟ್ ಎಳೆಯುತ್ತೆ ನೋಡಿ. ಸಾದಾ ಪಿಒಇ ದರ್ಜೆಯಾದ 802.3ಎಎಫ್‌ನ ಪೋರ್ಟ್ 15.4 ವ್ಯಾಟ್ ಕೊಟ್ಟರೂ ಕ್ಯಾಮೆರಾಕ್ಕೆ ಖಾತ್ರಿ ಇರೋದು 12.95 ಮಾತ್ರ. ಹೀಟರ್, ಐಆರ್ ಎರಡೂ ಒಟ್ಟಿಗೆ ಹೊತ್ತಿದಾಗ ಅದು ಸಾಲದಿದ್ದರೆ ಹಗಲೆಲ್ಲ ಸರಿಯಿದ್ದು ರಾತ್ರಿ ಆಫ್ ಆಗುತ್ತೆ. ಆಗ 30 ವ್ಯಾಟ್‌ನ 802.3ಎಟಿ ಸ್ವಿಚ್ಚೇ ಬೇಕು.

ಓಡುತ್ತಿರುವ ಕ್ಯಾಮೆರಾ ತನ್ನ ಬಿಸಿಯಲ್ಲೇ ತಾಳಿಕೊಳ್ಳುತ್ತೆ. ಕರೆಂಟ್ ಹೋಗಿ ತಣ್ಣಗಾದರೆ ಮತ್ತೆ ಶುರುವಾಗದೇ ಇರಬಹುದು. ಸ್ವಿಚ್‌ಗೊಂದು ಯುಪಿಎಸ್ ಇರಲಿ. ಚಿನೂಕ್ ಅನ್ನೋ ಬೆಚ್ಚನೆಯ ಒಣಗಾಳಿ ಬೀಸಿದರೆ ಅಲ್ಲಿ ಕೆಲವೇ ಗಂಟೆಯಲ್ಲಿ ಉಷ್ಣತೆ ಸರ್ರನೆ ಏರುತ್ತೆ, ಗ್ಯಾಸ್ಕೆಟ್ (ಸಂದು ಮುಚ್ಚುವ ರಬ್ಬರ್) ಸಡಿಲವಿದ್ದರೆ ಗಾಜಿನೊಳಗೆ ಆವಿ ಕಟ್ಟುತ್ತೆ. ಹೊರಗೆ ನಿಂತು ಮುಚ್ಚಳ ಬಿಚ್ಚಬೇಡಿ. ಬಿಚ್ಚುವಂಥ ಮಾಡೆಲ್ ಆದರೆ ಒಣ ಕೋಣೆಗೆ ತಂದು, ಬೆಚ್ಚಗಾದ ಮೇಲೆ ತೆರೆದು, ತೇವ ಹೀರುವ ಸಿಲಿಕಾ ಜೆಲ್‌ನ ಹೊಸ ಪೊಟ್ಟಣ ಹಾಕಿ ಮುಚ್ಚಿ.

ಬಿಸಿಲನಾಡು:
ಹಂಗಾದ್ರ ಹೀಟರ್ ಇರೋದನ್ನೇ ಇಲ್ಲಿಗೂ ತರಿಸಿದ್ರ?

ತಾಮ್ರದತಂತಿ:
ಗರಿಷ್ಠ 60 ಇದ್ದರೆ ನಡೆಯುತ್ತೆ, ಆದರೆ ಹೀಟರ್‌ಗೆ ಕೊಟ್ಟ ದುಡ್ಡು ದಂಡ. ಕಲಬುರಗಿಗೆ ಸಾದಾ ಪಿಒಇ ಟರೆಟ್ (ಗಾಜಿನ ಗುಮ್ಮಟವಿಲ್ಲದ ಗುಂಡಗಿನ ಕ್ಯಾಮೆರಾ) ಸಾಕು. ಡೋಮ್ ಬೇಡ, ಅದರ ಗಾಜಿನ ಮೇಲೆ ದೂಳು ಕೂತರೆ ರಾತ್ರಿ ಐಆರ್ ಬೆಳಕು ವಾಪಸ್ ಹೊಡೆದು ಚಿತ್ರವೆಲ್ಲ ಬೆಳ್ಳಗಾಗುತ್ತೆ.